ಬೆಳಕಿಂಡಿಯಿಂದ ಸೌರಫಲಕದವರೆಗೆ

ಮನೆಗೆ ವಿದ್ಯುತ್ ಸಂಪರ್ಕ ಪಡೆಯುವವರಿಗೆ ನಿಜವಾಗಿ ಬೇಕಾಗಿರುವುದು ಓದಲು ಬೆಳಕು, ಸೆಕೆಗೆ ಗಾಳಿ, ಮೀಯಲು ಬಿಸಿನೀರು, ನುಣ್ಣಗೆ ರುಬ್ಬಿದ ಹಿಟ್ಟು ಮತ್ತು ಕೆಡದೆ ಉಳಿಯುವ ಹಾಲು. ಇವೆಲ್ಲ ಕಡಿಮೆ ವಿದ್ಯುತ್ತಿನಲ್ಲಿ ದೊರೆಯುವುದಾದರೆ ಹೆಚ್ಚು ಬಳಸಲೇಬೇಕೆಂಬ ಹಟ ಯಾರಿಗೂ ಇರುವುದಿಲ್ಲ. ಕೇಳಲು ಸರಳವಾದ ಈ ಮಾತನ್ನು ಇಂಧನ ಯೋಜನೆಯ ಅಡಿಪಾಯವನ್ನಾಗಿ ಮಾಡಿದವರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾಗಿದ್ದ ಅಮೂಲ್ಯ ರೆಡ್ಡಿಯವರು ಪ್ರಮುಖರು. ಎಂಬತ್ತರ ದಶಕದ ಕೊನೆಯಲ್ಲಿ ಅಧಿಕೃತ ಸಮಿತಿಯೊಂದು 2000ನೆಯ ಇಸವಿಯ ಹೊತ್ತಿಗೆ ಕರ್ನಾಟಕಕ್ಕೆ ಬೇಕಾಗುವ ವಿದ್ಯುತ್ತಿನ ಪ್ರಮಾಣವನ್ನು ಬಹಳ ದೊಡ್ಡದಾಗಿ ಅಂದಾಜು ಮಾಡಿದಾಗ, ರೆಡ್ಡಿಯವರೂ ಅವರ ಸಂಗಡಿಗರೂ ಲೆಕ್ಕವನ್ನು ತುದಿಯಿಂದ, ಅಂದರೆ ದೀಪ, ಪಂಪು, ನೀರೊಲೆಗಳಿಂದ ಆರಂಭಿಸಿ, 1991ರಲ್ಲಿ ಪರ್ಯಾಯ ಯೋಜನೆಯೊಂದನ್ನು ಪ್ರಕಟಿಸಿದರು. ದಕ್ಷ ದೀಪಗಳನ್ನೂ ಸೌರ ಜಲತಾಪಕಗಳನ್ನೂ ಬಳಕೆಗೆ ತಂದರೆ, ಅಲ್ಲಿಯವರೆಗೆ ಕತ್ತಲಲ್ಲಿದ್ದ ಮನೆಗಳಿಗೆಲ್ಲ ವಿದ್ಯುತ್ ಕೊಟ್ಟ ಮೇಲೂ ಸಮಿತಿ ಹೇಳಿದ್ದಕ್ಕಿಂತ ಎಷ್ಟೋ ಕಡಿಮೆ ಉತ್ಪಾದನೆ ಸಾಕಾಗುತ್ತದೆ ಎಂಬುದು ಅವರು ಕಂಡುಕೊಂಡ ಸಂಗತಿ. ರಾಜ್ಯಕ್ಕೆ ಹೇಳಿದ ಈ ಕ್ರಮವೇ ಒಂದು ಮನೆಗೂ ಸಲ್ಲುತ್ತದೆ: ಮೊದಲು ಬಳಕೆಯನ್ನು ಹದಕ್ಕೆ ತರಬೇಕು, ಛಾವಣಿಯ ಮೇಲಿನ ಉತ್ಪಾದನೆಯ ಯೋಚನೆ ಅನಂತರದ್ದು. ಈಗ ಬಹುಮಂದಿ ಇದನ್ನು ತಿರುವುಮುರುವು ಮಾಡುತ್ತಿದ್ದಾರೆ.

ಲೆಕ್ಕಕ್ಕೆ ಇಳಿಯುವ ಮುನ್ನ ಎರಡು ಪದಗಳನ್ನು ಬಿಡಿಸಿಕೊಳ್ಳುವುದು ಒಳ್ಳೆಯದು. ಉಪಕರಣವೊಂದು ವಿದ್ಯುತ್ತನ್ನು ಎಷ್ಟು ವೇಗವಾಗಿ ಹೀರುತ್ತದೆ ಎಂಬುದರ ಅಳತೆ ವ್ಯಾಟ್. ಸಾವಿರ ವ್ಯಾಟಿನ ಉಪಕರಣ ಒಂದು ಗಂಟೆ ನಡೆದರೆ ಖರ್ಚಾಗುವುದು ಒಂದು ಯೂನಿಟ್, ಮತ್ತು ಮೀಟರು ಎಣಿಸುವುದು ಈ ಯೂನಿಟ್ಟುಗಳನ್ನೇ. ಆದ್ದರಿಂದ ವ್ಯಾಟ್ ಹೆಚ್ಚಿರುವ ಉಪಕರಣವೇ ಬಿಲ್ಲನ್ನು ಹೆಚ್ಚಿಸುತ್ತದೆ ಎನ್ನಲಾಗದು. ಐದು ನಿಮಿಷ ತಿರುಗುವ ಮಿಕ್ಸಿಗಿಂತ ರಾತ್ರಿಯಿಡೀ ತಿರುಗುವ ಫ್ಯಾನು ಹಲವು ಪಟ್ಟು ಹೆಚ್ಚು ಯೂನಿಟ್ ತಿನ್ನುತ್ತದೆ. ಮುಂದಿನ ಲೆಕ್ಕಗಳಲ್ಲಿ ಅನುಕೂಲಕ್ಕಾಗಿ ಯೂನಿಟ್ಟಿಗೆ 6 ರೂಪಾಯಿ ಎಂದು ಹಿಡಿಯಲಾಗಿದೆ.

ವಿದ್ಯುತ್ ದೀಪಕ್ಕೆ ಕರ್ನಾಟಕದಲ್ಲಿ ದೀರ್ಘ ಇತಿಹಾಸವಿದೆ. ಶಿವನಸಮುದ್ರದ ಜಲವಿದ್ಯುತ್ 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು, 1905ರಲ್ಲಿ ಬೆಂಗಳೂರಿನ ಬೀದಿಯಲ್ಲಿ ದೀಪ ಹತ್ತಿತು. ಆ ಕಾಲದಿಂದ ಸುಮಾರು ನೂರು ವರ್ಷ ಮನೆಗಳಲ್ಲಿ ಮೆರೆದ ತಂತಿ ಬಲ್ಬು ವಾಸ್ತವವಾಗಿ ಒಂದು ಸಣ್ಣ ಒಲೆ. ಗಾಜಿನ ಬುರುಡೆಯೊಳಗಿನ ಟಂಗ್‌ಸ್ಟನ್ ತಂತಿಯನ್ನು 2,000 ಡಿಗ್ರಿ ಸೆಲ್ಸಿಯಸ್‌ಗೂ ಮೇಲೆ ಕಾಯಿಸಿದಾಗ ಅದು ಬೆಳಗುತ್ತದೆಯಾದರೂ, ಒಳಹೋದ ವಿದ್ಯುತ್ತಿನಲ್ಲಿ ನೂರಕ್ಕೆ ತೊಂಬತ್ತು ಪಾಲಿಗೂ ಹೆಚ್ಚು ಶಾಖವಾಗಿ ವ್ಯರ್ಥವಾಗುತ್ತದೆ. ಎಲ್‌ಇಡಿಯ ಕ್ರಮವೇ ಬೇರೆ. ಅದರಲ್ಲಿ ಎರಡು ಬಗೆಯ ಅರೆವಾಹಕ ಪದರಗಳು ಕೂಡುವ ಗಡಿಯಲ್ಲಿ ಎಲೆಕ್ಟ್ರಾನುಗಳು ಮೇಲಿನ ಶಕ್ತಿಮಟ್ಟದಿಂದ ಕೆಳಗಿಳಿಯುವಾಗ ಆ ವ್ಯತ್ಯಾಸ ನೇರವಾಗಿ ಬೆಳಕಾಗಿ ಹೊಮ್ಮುತ್ತದೆ. ಬೆಳಕಿಗಾಗಿ ಏನನ್ನೂ ಕಾಯಿಸಬೇಕಾಗಿಲ್ಲ. ಕೆಂಪು ಎಲ್‌ಇಡಿ ಮೊದಲೇ ಇತ್ತು, ಕಷ್ಟವಿದ್ದದ್ದು ನೀಲಿಯಲ್ಲಿ. ಗ್ಯಾಲಿಯಮ್ ನೈಟ್ರೈಡ್ ಎಂಬ ವಸ್ತುವಿನಿಂದ ಪ್ರಖರವಾದ ನೀಲಿ ಬೆಳಕನ್ನು ಹೊರಡಿಸಿದ ಇಸಾಮು ಅಕಾಸಾಕಿ, ಹಿರೋಶಿ ಅಮಾನೊ ಮತ್ತು ಶುಜಿ ನಾಕಾಮುರಾ ಅವರಿಗೆ 2014ರಲ್ಲಿ ಭೌತಶಾಸ್ತ್ರದ ನೊಬೆಲ್ ಸಂದಿತು. ಆ ನೀಲಿಯ ಮೇಲೆ ಹಳದಿ ಬೆಳಕು ಚೆಲ್ಲುವ ಫಾಸ್ಫರ್ ಎಂಬ ವಸ್ತುವಿನ ಲೇಪನವನ್ನು ಹಚ್ಚಿದಾಗ ಎರಡೂ ಬೆರೆತು ಕಣ್ಣಿಗೆ ಬಿಳಿಯಾಗಿ ಕಾಣುತ್ತವೆ. ಇಂದು ಮನೆಮನೆಯಲ್ಲಿ ಉರಿಯುತ್ತಿರುವ ದೀಪ ಇದೇ.

ಬೆಳಕಿನ ಪ್ರಮಾಣವನ್ನು ಅಳೆಯುವ ಮಾನ ಲ್ಯೂಮೆನ್. ಅರವತ್ತು ವ್ಯಾಟಿನ ತಂತಿ ಬಲ್ಬು ಕೊಡುವ ಸುಮಾರು 700ರಿಂದ 800 ಲ್ಯೂಮೆನ್ ಬೆಳಕನ್ನು 9 ವ್ಯಾಟಿನ ಎಲ್‌ಇಡಿ ಕೊಡುತ್ತದೆ. ದಿನಕ್ಕೆ ಐದು ಗಂಟೆ ಉರಿದರೆ ಹಳೆಯ ಬಲ್ಬಿಗೆ ತಿಂಗಳಿಗೆ 9 ಯೂನಿಟ್ ಬೇಕು, ಹೊಸದಕ್ಕೆ ಒಂದೂವರೆಗೂ ಕಡಿಮೆ. ಉಳಿತಾಯ ಸುಮಾರು 45 ರೂಪಾಯಿ. ನೂರು ರೂಪಾಯಿಯ ಬಲ್ಬು ಮೂರು ತಿಂಗಳೊಳಗೆ ತನ್ನ ಬೆಲೆಯನ್ನು ಹಿಂದಿರುಗಿಸಿದಂತಾಯಿತು. ಹಳೆಯ 40 ವ್ಯಾಟಿನ ಟ್ಯೂಬ್‌ಲೈಟು ಭಾರವಾದ ಚೋಕಿನ ಸಮೇತ 50 ವ್ಯಾಟಿಗೂ ಹೆಚ್ಚು ಹೀರುತ್ತಿತ್ತು ಎಂಬುದನ್ನು ಅನೇಕರು ಗಮನಿಸಿರಲಿಲ್ಲ. ಅಷ್ಟೇ ಬೆಳಕಿಗೆ ಈಗ 20 ವ್ಯಾಟಿನ ಎಲ್‌ಇಡಿ ಪಟ್ಟಿ ಸಾಕು. ಎಲ್‌ಇಡಿಯ ಬೆಲೆ ಇಳಿದ ಕಥೆಯಲ್ಲಿ ಕೇಂದ್ರ ಸರ್ಕಾರದ ಉಜಾಲಾ ಯೋಜನೆಯ ಪಾತ್ರ ದೊಡ್ಡದು: 2014ರ ಸುಮಾರಿಗೆ ಸಗಟು ಖರೀದಿಯಲ್ಲಿ 310 ರೂಪಾಯಿಯಷ್ಟಿದ್ದ ಬಲ್ಬಿನ ಬೆಲೆ 2016ರಲ್ಲಿ 38 ರೂಪಾಯಿಗೆ ಬಂದಿತು, ಮತ್ತು 36 ಕೋಟಿಗೂ ಹೆಚ್ಚು ಬಲ್ಬುಗಳು ದೇಶದಾದ್ಯಂತ ವಿತರಣೆಯಾದವು. ಕರ್ನಾಟಕದಲ್ಲಿ ಈ ಯೋಜನೆ ‘ಹೊಸ ಬೆಳಕು’ ಎಂಬ ಅಂದವಾದ ಹೆಸರಿನಲ್ಲಿ ನಡೆಯಿತು.

ಎಲ್‌ಇಡಿ ಬಲ್ಬು ವರ್ಷದೊಳಗೇ ಕೆಟ್ಟಿತೆಂಬ ದೂರು ಆಗಾಗ ಕೇಳಿಬರುತ್ತದೆ. ಇಂಥ ಸಂದರ್ಭಗಳಲ್ಲಿ ಸಾಮಾನ್ಯವಾಗಿ ಕೆಟ್ಟಿರುವುದು ಬೆಳಕು ಕೊಡುವ ಹರಳಲ್ಲ, ಬಲ್ಬಿನ ಬುಡದಲ್ಲಿದ್ದು ಮನೆಯ ವಿದ್ಯುತ್ತನ್ನು ಹರಳಿಗೆ ತಕ್ಕಂತೆ ಪರಿವರ್ತಿಸುವ ಡ್ರೈವರ್ ಎಂಬ ಪುಟ್ಟ ಮಂಡಲ. ಅದಕ್ಕೆ ಶಾಖವೂ ವೋಲ್ಟೇಜಿನ ಏರಿಳಿತವೂ ಶತ್ರುಗಳು. ಗಾಳಿಯಾಡದ ಗಾಜಿನ ಗೋಳದೊಳಗೆ ಬಲ್ಬನ್ನು ಮುಚ್ಚಿಡದಿರುವುದು, ಬಿಐಎಸ್ ಗುರುತಿಲ್ಲದ ಸರಕನ್ನು ಕೊಳ್ಳದಿರುವುದು, ಪೆಟ್ಟಿಗೆಯ ಮೇಲೆ ವ್ಯಾಟಿನ ಜೊತೆಗೆ ಲ್ಯೂಮೆನ್ ಸಂಖ್ಯೆಯನ್ನೂ ಓದುವುದು, ಇಷ್ಟರಿಂದಲೇ ಬಹುಪಾಲು ನಷ್ಟ ತಪ್ಪುತ್ತದೆ. ಬಲ್ಬಿನ ಬೆಲೆ ಇಳಿದದ್ದರ ಜೊತೆಗೆ ಇನ್ನೊಂದು ಅಭ್ಯಾಸವೂ ಬೆಳೆದಿದೆ. ಹಿಂದೆ ಒಂದು ಬಲ್ಬಿದ್ದ ಕೋಣೆಯಲ್ಲಿ ಇಂದು ತೋರಿಕೆಯ ಚಾವಣಿಗೆ ಹನ್ನೆರಡು ಪುಟ್ಟ ದೀಪಗಳನ್ನು ಕೂಡಿಸಿ, ಅವು ಎಲ್‌ಇಡಿಯಾದ್ದರಿಂದ ಎಷ್ಟು ಉರಿದರೂ ನಡೆಯುತ್ತದೆ ಎಂದು ಭಾವಿಸಲಾಗುತ್ತಿದೆ. ಹೀಗೆ ದಕ್ಷತೆಯಿಂದ ಬಂದ ಲಾಭವನ್ನು ಹೆಚ್ಚಿದ ಬಳಕೆ ನುಂಗಿಬಿಡುತ್ತದೆ. ಹಗಲಿನಲ್ಲಿ ದೀಪ ಹಾಕಲೇಬೇಕಾದ ಮನೆಯನ್ನು ಕಟ್ಟುವುದು ಇದಕ್ಕಿಂತಲೂ ದೊಡ್ಡ ತಪ್ಪು. ತೊಟ್ಟಿಮನೆಯ ತೆರೆದ ನಡುವಂಗಳ, ಅಡುಗೆಮನೆಯ ಗೋಡೆಯ ಗವಾಕ್ಷಿ, ಮಾಳಿಗೆಯ ಬೆಳಕಿಂಡಿ, ಕರಾವಳಿಯ ಹಂಚಿನ ಮಾಡಿನಲ್ಲಿ ನಡುವೆ ಕೂಡಿಸುತ್ತಿದ್ದ ಗಾಜಿನ ಹಂಚು, ಇವೆಲ್ಲ ಒಂದು ಯೂನಿಟ್ಟನ್ನೂ ಬೇಡದ ದೀಪಗಳು. ಪಕ್ಕದ ಗೋಡೆಗೆ ಗೋಡೆ ತಾಗಿದ ನಗರದ ಮನೆಯಲ್ಲಿಯೂ ಮೆಟ್ಟಿಲ ಮೇಲಿನ ಚಾವಣಿಗೆ ಗಾಜು ಹಾಕಲು, ಗೋಡೆಗೆ ತಿಳಿಬಣ್ಣ ಬಳಿಯಲು ಅಡ್ಡಿಯಿಲ್ಲ.

ಬಲ್ಬು ಬದಲಾಯಿಸಿದ ಮನೆಗಳಲ್ಲಿ ಬಹಳಷ್ಟು ಅಲ್ಲಿಗೇ ನಿಂತುಬಿಡುತ್ತವೆ, ಆದರೆ ತಲೆಯ ಮೇಲೆ ತಿರುಗುತ್ತಿರುವ ಫ್ಯಾನಿನಲ್ಲಿ ಅದಕ್ಕಿಂತ ಹೆಚ್ಚಿನ ಉಳಿತಾಯ ಅಡಗಿದೆ. ಸಾಮಾನ್ಯ ಸೀಲಿಂಗ್ ಫ್ಯಾನು ಪೂರ್ಣ ವೇಗದಲ್ಲಿ 70ರಿಂದ 80 ವ್ಯಾಟ್ ತೆಗೆದುಕೊಂಡರೆ, ಬಿಎಲ್‌ಡಿಸಿ ಎಂದು ಕರೆಯುವ ಫ್ಯಾನು ಹೆಚ್ಚುಕಡಿಮೆ ಅಷ್ಟೇ ಗಾಳಿಗೆ 30 ವ್ಯಾಟಿನ ಆಸುಪಾಸಿನಲ್ಲಿ ನಿಲ್ಲುತ್ತದೆ. ಅದರ ತಿರುಗುವ ಭಾಗದಲ್ಲಿ ಕಾಯಂ ಅಯಸ್ಕಾಂತಗಳಿರುವುದರಿಂದ ಅಲ್ಲಿ ಕಾಂತಕ್ಷೇತ್ರವನ್ನು ಹುಟ್ಟಿಸಲು ವಿದ್ಯುತ್ ವ್ಯಯವಾಗುವುದಿಲ್ಲ. ದಿನಕ್ಕೆ ಹನ್ನೆರಡು ಗಂಟೆ ತಿರುಗುವ ಒಂದು ಫ್ಯಾನಿನಿಂದ ತಿಂಗಳಿಗೆ 16 ಯೂನಿಟ್, ಅಂದರೆ ಹತ್ತಿರಹತ್ತಿರ 100 ರೂಪಾಯಿ ಉಳಿಯುತ್ತದೆ. ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ಹಗಲೂ ರಾತ್ರಿಯೂ ಫ್ಯಾನು ನಿಲ್ಲದ ಮನೆಗಳಲ್ಲಿ ಈ ಮೊತ್ತ ಇನ್ನೂ ಏರುತ್ತದೆ. ಕೇಂದ್ರದ ಇಂಧನ ದಕ್ಷತಾ ಬ್ಯೂರೊ 2023ರಿಂದ ಸೀಲಿಂಗ್ ಫ್ಯಾನುಗಳಿಗೂ ನಕ್ಷತ್ರದ ಗುರುತನ್ನು ಕಡ್ಡಾಯ ಮಾಡಿರುವುದರಿಂದ ಆಯ್ಕೆ ಸುಲಭವಾಗಿದೆ. ಕರೆಂಟು ಹೋದಾಗ ನೆರವಾಗುವ ಇನ್‌ವರ್ಟರಿಗೂ ಇದರಿಂದ ಆಯುಷ್ಯ ಬರುತ್ತದೆ: ಎರಡು ಹಳೆಯ ಫ್ಯಾನು, ನಾಲ್ಕು ಹಳೆಯ ಟ್ಯೂಬು ಸೇರಿ 350 ವ್ಯಾಟ್ ಬೇಡುತ್ತಿದ್ದಲ್ಲಿ ಹೊಸವು 140 ವ್ಯಾಟಿಗೆ ಸುಮ್ಮನಾಗುವುದರಿಂದ, ಅದೇ ಬ್ಯಾಟರಿ ಎರಡು ಪಟ್ಟಿಗೂ ಹೆಚ್ಚು ಹೊತ್ತು ಬಾಳುತ್ತದೆ.

ಮನೆಯ ವಿದ್ಯುತ್ತಿನ ದೊಡ್ಡ ಪಾಲನ್ನು ಕಾಣಬೇಕಾದರೆ ಬಚ್ಚಲಮನೆಗೆ ಹೋಗಬೇಕು. ನೀರನ್ನು ಕಾಯಿಸುವುದು ಪ್ರಕೃತಿಯ ದುಬಾರಿ ಕೆಲಸಗಳಲ್ಲೊಂದು. ಇಪ್ಪತ್ತು ಲೀಟರಿನ ಒಂದು ಬಕೆಟ್ ನೀರಿನ ತಾಪವನ್ನು ಇಪ್ಪತ್ತು ಡಿಗ್ರಿ ಏರಿಸಲು ಸುಮಾರು ಅರ್ಧ ಯೂನಿಟ್ ಬೇಕು, ಮತ್ತು ಅಷ್ಟು ವಿದ್ಯುತ್ತಿನಲ್ಲಿ 9 ವ್ಯಾಟಿನ ಬಲ್ಬು ಐವತ್ತು ಗಂಟೆ ಉರಿಯಬಲ್ಲದು. ನಾಲ್ವರಿರುವ ಮನೆಯಲ್ಲಿ ಸ್ನಾನಕ್ಕೇ ತಿಂಗಳಿಗೆ 60 ಯೂನಿಟ್ ಆಗುತ್ತದೆ. ನೀರಿಗೆ ಬೇಕಾದದ್ದು ಕೇವಲ ಶಾಖವಾದ್ದರಿಂದ, ಎಲ್ಲೋ ಕಲ್ಲಿದ್ದಲು ಸುಟ್ಟು, ಆ ಶಾಖದ ಮೂರನೆಯ ಒಂದರಷ್ಟನ್ನು ಮಾತ್ರ ವಿದ್ಯುತ್ತಾಗಿಸಿ, ನೂರಾರು ಮೈಲಿ ಸಾಗಿಸಿ, ಮನೆಯಲ್ಲಿ ಮತ್ತೆ ಶಾಖವಾಗಿಸುವುದು ಸುತ್ತುಬಳಸಿನ ದಾರಿ. ಬಿಸಿಲು ಆ ಕೆಲಸವನ್ನು ನೇರವಾಗಿ ಮಾಡುತ್ತದೆ. ಬೆಂಗಳೂರಿನ ಮನೆಗಳ ಮೇಲೆ ಸಾಲಾಗಿ ಕಾಣುವ ಸೌರ ಜಲತಾಪಕದಲ್ಲಿ ಸಾಮಾನ್ಯವಾಗಿ ಪಂಪೂ ಇಲ್ಲ, ಮೋಟಾರೂ ಇಲ್ಲ: ಕಪ್ಪು ಲೇಪನದ ಫಲಕದಲ್ಲಿ ಕಾದ ನೀರು ಹಗುರವಾಗಿ ಮೇಲಿನ ತೊಟ್ಟಿಗೆ ಏರುತ್ತದೆ, ತೊಟ್ಟಿಯ ತಳದ ತಣ್ಣೀರು ಅದರ ಜಾಗಕ್ಕೆ ಇಳಿಯುತ್ತದೆ, ಬಿಸಿಲಿರುವಷ್ಟು ಹೊತ್ತು ಈ ಹರಿವು ತಾನಾಗಿಯೇ ನಡೆಯುತ್ತದೆ. ಗಾಜಿನ ಕೊಳವೆಗಳಿರುವ ಮಾದರಿಯಲ್ಲಿ ಎರಡು ಪದರಗಳ ನಡುವೆ ನಿರ್ವಾತವಿದ್ದು, ಥರ್ಮಾಸ್ ಫ್ಲಾಸ್ಕಿನಂತೆ ಶಾಖ ಹೊರಹೋಗದಂತೆ ತಡೆಯುತ್ತದೆ.

ಈ ಸಾಧನವನ್ನು ಕೂಡಿಸಿದವರು ಕೊಳವೆಯ ವಿಷಯದಲ್ಲಿ ಸಾಕಷ್ಟು ಗಮನ ಕೊಡದಿರುವುದು ವಿಷಾದದ ಸಂಗತಿ. ಮೂರನೆಯ ಮಹಡಿಯ ಮೇಲಿನ ತೊಟ್ಟಿಯಿಂದ ನೆಲಮಹಡಿಯ ನಲ್ಲಿಗೆ ಬಿಸಿನೀರು ಬರುವ ಮುನ್ನ ಕೊಳವೆಯಲ್ಲಿ ರಾತ್ರಿಯಿಡೀ ನಿಂತ ತಣ್ಣೀರು ಬಕೆಟ್ಟುಗಟ್ಟಲೆ ಚರಂಡಿಗೆ ಹರಿದುಹೋಗುತ್ತದೆ. ಕಾವೇರಿಯ ನೀರನ್ನು ನೂರು ಕಿಲೋಮೀಟರ್ ದೂರದಿಂದ, ಐನೂರು ಮೀಟರಿನಷ್ಟು ಎತ್ತರಕ್ಕೆ ಎತ್ತಿ ತರಬೇಕಾದ ನಗರದಲ್ಲಿ ಅದು ನೀರಿನ ನಷ್ಟವೂ ಹೌದು, ವಿದ್ಯುತ್ತಿನ ನಷ್ಟವೂ ಹೌದು. ಮನೆ ಕಟ್ಟುವಾಗಲೇ ಬಚ್ಚಲುಗಳನ್ನು ಒಂದರ ಮೇಲೊಂದು ಬರುವಂತೆ ಯೋಜಿಸಿ, ಕೊಳವೆಗೆ ಶಾಖ ತಡೆಯುವ ಹೊದಿಕೆ ಸುತ್ತಿದರೆ ಇದು ಬಹುಮಟ್ಟಿಗೆ ತಪ್ಪುತ್ತದೆ. ಈಗಾಗಲೇ ಕಟ್ಟಿದ ಮನೆಯಲ್ಲಿ ಆ ತಣ್ಣೀರನ್ನು ಬಕೆಟ್ಟಿಗೆ ಹಿಡಿದು ಬಟ್ಟೆ ಒಗೆಯಲು ಬಳಸಬಹುದು. ಬೋರ್‌ವೆಲ್ಲಿನ ಗಡಸು ನೀರಾದರೆ ಕೊಳವೆಗಳಲ್ಲಿ ಸುಣ್ಣದಂಥ ಹರಳು ಕಟ್ಟುವುದರಿಂದ ವರ್ಷಕ್ಕೊಮ್ಮೆಯಾದರೂ ಶುಚಿ ಮಾಡಿಸಬೇಕು.

ಇಷ್ಟನ್ನೂ ಮಾಡಿದ ಮೇಲೆ ಛಾವಣಿಯ ಸೌರಫಲಕದ ಯೋಚನೆ ಸಾರ್ಥಕವಾಗುತ್ತದೆ. ಜಲತಾಪಕದಂತೆ ಶಾಖವನ್ನಲ್ಲದೆ ವಿದ್ಯುತ್ತನ್ನೇ ಕೊಡುವ ಈ ಸಿಲಿಕಾನ್ ಫಲಕಗಳಲ್ಲಿ ಒಂದು ಕಿಲೋವ್ಯಾಟ್ ಸಾಮರ್ಥ್ಯಕ್ಕೆ ಸುಮಾರು ನೂರು ಚದರಡಿ ನೆರಳಿಲ್ಲದ ಜಾಗ ಬೇಕು, ಮತ್ತು ಅದು ನಮ್ಮ ಬಿಸಿಲಿನಲ್ಲಿ ವರ್ಷದ ಸರಾಸರಿಯಲ್ಲಿ ದಿನಕ್ಕೆ 4 ಯೂನಿಟ್ಟಿನಷ್ಟು ಉತ್ಪಾದಿಸುತ್ತದೆ. ಫೆಬ್ರವರಿ 2024ರಲ್ಲಿ ಆರಂಭವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಕೇಂದ್ರ ಸರ್ಕಾರ ಒಂದು ಕಿಲೋವ್ಯಾಟಿಗೆ 30,000, ಎರಡಕ್ಕೆ 60,000, ಮೂರು ಮತ್ತು ಅದಕ್ಕೂ ಹೆಚ್ಚಿನದಕ್ಕೆ 78,000 ರೂಪಾಯಿ ಸಹಾಯಧನವನ್ನು ಗೊತ್ತುಮಾಡಿತು. ಹಗಲಿನಲ್ಲಿ ಮನೆಗೆ ಬೇಡವಾದ ವಿದ್ಯುತ್ ಜಾಲಕ್ಕೆ ಹೋಗಿ, ರಾತ್ರಿ ಬೇಕಾದದ್ದು ಜಾಲದಿಂದ ಬಂದು, ಎರಡರ ವ್ಯತ್ಯಾಸಕ್ಕೆ ಮಾತ್ರ ಬಿಲ್ಲಾಗುವ ಏರ್ಪಾಡಿಗೆ ನೆಟ್ ಮೀಟರಿಂಗ್ ಎನ್ನುತ್ತಾರೆ. ಇಲ್ಲಿ ಕೊಳ್ಳುವವರಿಗೆ ಮೊದಲೇ ತಿಳಿದಿರಬೇಕಾದ ಒಂದು ಮಾತಿದೆ: ಬ್ಯಾಟರಿಯಿಲ್ಲದ ಇಂಥ ವ್ಯವಸ್ಥೆ ಬೀದಿಯ ಕರೆಂಟು ಹೋದೊಡನೆ, ಎಷ್ಟೇ ಬಿಸಿಲಿದ್ದರೂ, ತಾನೂ ನಿಲ್ಲುತ್ತದೆ. ತಂತಿ ದುರಸ್ತಿಗೆ ಕಂಬ ಹತ್ತಿದ ಲೈನ್‌ಮನ್‌ಗೆ ಮನೆಯ ಕಡೆಯಿಂದ ವಿದ್ಯುತ್ ಹರಿದು ಆಘಾತವಾಗಬಾರದೆಂಬುದೇ ಅದಕ್ಕೆ ಕಾರಣ.

ಫಲಕಗಳು ದಕ್ಷಿಣಕ್ಕೆ ಮುಖಮಾಡಿ, ಊರಿನ ಅಕ್ಷಾಂಶದಷ್ಟು ಓರೆಯಾಗಿ, ಅಂದರೆ ಬೆಂಗಳೂರಿನಲ್ಲಿ 13 ಡಿಗ್ರಿ, ಬೀದರಿನಲ್ಲಿ 18 ಡಿಗ್ರಿಯ ಸುಮಾರಿಗೆ ಇದ್ದರೆ ಉತ್ಪಾದನೆ ಚೆನ್ನಾಗಿರುತ್ತದೆ. ಫಲಕದೊಳಗಿನ ಬಿಲ್ಲೆಗಳು ಸರಪಣಿಯಂತೆ ಒಂದಕ್ಕೊಂದು ಜೋಡಿಸಿರುವುದರಿಂದ, ಒಂದು ತೆಂಗಿನ ಗರಿಯ ನೆರಳು ಬಿದ್ದರೂ ಇಡೀ ಸಾಲಿನ ಉತ್ಪಾದನೆ ತಗ್ಗುತ್ತದೆ. ಬಿಸಿಲು ಬೇಕಾದರೂ ಬಿಸಿ ಬೇಡ ಎಂಬುದು ಸಿಲಿಕಾನಿನ ಸ್ವಭಾವ. 25 ಡಿಗ್ರಿಗಿಂತ ಮೇಲಿನ ಪ್ರತಿ ಡಿಗ್ರಿಗೂ ಉತ್ಪಾದನೆ ನೂರಕ್ಕೆ ಅರ್ಧ ಪಾಲಿಗೆ ಸಮೀಪದಷ್ಟು ಕುಗ್ಗುವುದರಿಂದ, ಫಲಕದ ಅಡಿಯಲ್ಲಿ ಗಾಳಿಯಾಡಲು ಜಾಗ ಬಿಡಬೇಕು.

ರಾಜ್ಯ ಸರ್ಕಾರದ ಗೃಹಜ್ಯೋತಿ ಯೋಜನೆಯಡಿ ಬಿಲ್ಲೇ ಬಾರದ ಮನೆಗೆ ಇವೆಲ್ಲ ಏಕೆ ಎಂಬ ಪ್ರಶ್ನೆ ಸಹಜವಾದದ್ದು. ಅಂಥ ಮನೆಗೆ ಸೌರಫಲಕದಿಂದ ಹಣದ ಲಾಭ ಸ್ವಲ್ಪವೇ ಎಂದು ಒಪ್ಪಬೇಕು. ಆದರೆ 2023ರಲ್ಲಿ ಜಾರಿಗೆ ಬಂದ ಆ ಯೋಜನೆಯ ರಚನೆ ದಕ್ಷತೆಗೆ ದೊಡ್ಡ ಬೆಲೆಯನ್ನೇ ಕೊಡುತ್ತದೆ: ಹಿಂದಿನ ಸರಾಸರಿ ಬಳಕೆಗೆ ಸಾಮಾನ್ಯವಾಗಿ ಶೇಕಡಾ 10ನ್ನು ಸೇರಿಸಿ ಗೊತ್ತುಮಾಡಿದ ಮಿತಿಯನ್ನು ದಾಟಿದರೆ ಹೆಚ್ಚಿನದಕ್ಕೆ ಹಣ ತೆರಬೇಕು, ತಿಂಗಳ ಬಳಕೆ 200 ಯೂನಿಟ್ಟನ್ನು ದಾಟಿದರೆ ಪೂರ್ತಿ ಬಿಲ್ಲನ್ನೇ ತೆರಬೇಕು. ಬೇಸಿಗೆಯಲ್ಲಿ 220 ಯೂನಿಟ್ ಬಳಸುವ ಮನೆಯೊಂದು ಎರಡು ಫ್ಯಾನುಗಳನ್ನು ಬದಲಾಯಿಸಿದರೆ 32 ಯೂನಿಟ್ ಇಳಿದು ಮತ್ತೆ ಗಡಿಯೊಳಗೆ ಬರುತ್ತದೆ. ಆಗ ಉಳಿಯುವುದು ಸಾವಿರ ರೂಪಾಯಿಯ ಸಮೀಪದ ಮೊತ್ತ. ಮೂರು ಕಿಲೋವ್ಯಾಟ್ ಬೇಕೆಂದುಕೊಂಡಿದ್ದ ದೊಡ್ಡ ಮನೆಗೂ ಹೀಗೆ ಬಳಕೆ ತಗ್ಗಿದ ಮೇಲೆ ಎರಡು ಸಾಕಾಗಬಹುದು.

ಬಾಡಿಗೆ ಮನೆಯವರಿಗೆ ಛಾವಣಿಯ ಮೇಲೆ ಹಕ್ಕಿಲ್ಲ, ಬಚ್ಚಲಿನ ಕೊಳವೆಯನ್ನು ಬದಲಾಯಿಸುವಂತಿಲ್ಲ. ಇನ್ನೊಬ್ಬರು ಕಟ್ಟುವ ಬಿಲ್ಲಿಗಾಗಿ ಹಣ ಹಾಕಲು ಮಾಲೀಕರಿಗೂ ಮನಸ್ಸು ಬರುವುದಿಲ್ಲ. ಆದರೂ ಬಿಎಲ್‌ಡಿಸಿ ಫ್ಯಾನನ್ನು ತಮ್ಮ ಖರ್ಚಿನಲ್ಲಿಯೇ ಹಾಕಿಸಿಕೊಂಡು, ಮನೆಯ ಹಳೆಯ ಫ್ಯಾನನ್ನು ಅಟ್ಟದ ಮೇಲೆ ಜೋಪಾನವಾಗಿಟ್ಟು, ಹೋಗುವ ದಿನ ಅದನ್ನು ಮತ್ತೆ ತೂಗಿಹಾಕಿ, ತಮ್ಮದನ್ನು ಬಲ್ಬುಗಳ ಜೊತೆಗೆ ಮುಂದಿನ ಮನೆಗೆ ಕೊಂಡೊಯ್ಯಲು ಅವರಿಗೆ ಅಡ್ಡಿಯೇನಿಲ್ಲ.