ಗ್ರ್ಯಾಂಡ್ ಕ್ಯಾನ್ಯನ್‌ಗೆ ಪೂರ್ವದ ದಾರಿ

ಅಮೆರಿಕದ ಅರಿಜೋನಾ ರಾಜ್ಯಕ್ಕೆ ಗ್ರ್ಯಾಂಡ್ ಕ್ಯಾನ್ಯನ್ ನೋಡಲು ಬರುವವರಲ್ಲಿ ಬಹಳ ಮಂದಿ ವಿಲಿಯಮ್ಸ್ ಊರಿನ ಕಡೆಯಿಂದ ನೇರವಾಗಿ ಉತ್ತರಕ್ಕೆ ಹೋಗುತ್ತಾರೆ. ಮಕ್ಕಳ ಮನೆಗೆಂದು ಬೆಂಗಳೂರು, ಮೈಸೂರುಗಳಿಂದ ಹೋದ ತಂದೆತಾಯಂದಿರೂ ಹೆಚ್ಚಾಗಿ ಆ ದಾರಿಯಲ್ಲೇ ಹೋಗಿ, ಫೋಟೊ ತೆಗೆಸಿಕೊಂಡು, ಸಂಜೆಗೆ ಮರಳುತ್ತಾರೆ. ನಾನು ಹೇಳುತ್ತಿರುವುದು ಪೂರ್ವದ ದಾರಿಯ ಬಗ್ಗೆ. ಫ್ಲ್ಯಾಗ್‌ಸ್ಟಾಫ್‌ನಿಂದ 89ನೇ ಹೆದ್ದಾರಿ ಹಿಡಿದು ಕ್ಯಾಮರನ್‌ಗೆ ಬರಬೇಕು. ಅಲ್ಲಿ ಎಡಕ್ಕೆ ಹೊರಳಿದರೆ 64ನೇ ರಸ್ತೆ ಗ್ರ್ಯಾಂಡ್ ಕ್ಯಾನ್ಯನ್ ಕಮರಿಯ ಅಂಚಿನ ಡೆಸರ್ಟ್ ವ್ಯೂಗೆ ಮುಟ್ಟಿಸುತ್ತದೆ. ಒಟ್ಟು ಸುಮಾರು 135 ಕಿಲೋಮೀಟರ್. ಕಮರಿಯನ್ನಷ್ಟೇ ಅಲ್ಲ, ಅದರ ಒಡನಾಡಿಗಳಾಗಿ ಬದುಕಿದ ಜನರನ್ನೂ ಕಾಣಬೇಕೆಂದರೆ ಇದೇ ದಾರಿ.

ಫ್ಲ್ಯಾಗ್‌ಸ್ಟಾಫ್ ಇರುವುದು 2,100 ಮೀಟರ್ ಎತ್ತರದಲ್ಲಿ. ಊರ ಸುತ್ತ ಪಾಂಡರೋಸಾ ಪೈನ್ ಮರಗಳ ಕಾಡು. ಉತ್ತರಕ್ಕೆ ಹೊರಟರೆ ಎಡಗಡೆ ಸ್ಯಾನ್ ಫ್ರಾನ್ಸಿಸ್ಕೊ ಶಿಖರಗಳು ಬಹಳ ಹೊತ್ತು ಜೊತೆಗೇ ಬರುತ್ತವೆ. ಅವುಗಳಲ್ಲಿ ಅತಿ ಎತ್ತರದ್ದು 3,851 ಮೀಟರ್. ಇಲ್ಲಿನ ಮೂಲನಿವಾಸಿಗಳಲ್ಲಿ ನವಾಹೊ ಜನರಿಗೆ ಅದು ತಮ್ಮ ನಾಡಿನ ಪಶ್ಚಿಮ ಎಲ್ಲೆಯನ್ನು ಕಾಯುವ ಪವಿತ್ರ ಪರ್ವತ. ಹೋಪಿ ಜನರಿಗೆ ಮಳೆ ತರುವ ಕಚಿನಾ ದೈವಗಳ ನೆಲೆ. ರಸ್ತೆ ಇಳಿಯುತ್ತಿದ್ದಂತೆ ಪೈನ್ ಹೋಗಿ ಜೂನಿಪರ್ ಬರುತ್ತದೆ, ಆಮೇಲೆ ಮೊಣಕಾಲೆತ್ತರದ ಕುರುಚಲು, ಕಡೆಗೆ ಬರೀ ಮಣ್ಣು. ಬಲಗಡೆಯ ದಿಬ್ಬಗಳಲ್ಲಿ ಕೆಂಪು, ಬೂದು, ನೇರಳೆ ಬಣ್ಣದ ಪಟ್ಟೆಗಳು ಒಂದರ ಮೇಲೊಂದು ಮಲಗಿವೆ. ಇದು ಪೇಂಟೆಡ್ ಡೆಸರ್ಟ್. ಮಧ್ಯಾಹ್ನದ ಬಿಸಿಲಿಗೆ ಈ ಬಣ್ಣಗಳೆಲ್ಲ ಸತ್ತುಹೋಗುತ್ತವೆ. ಬೆಳಗಿನ ಎಂಟು ಗಂಟೆಯ ಓರೆ ಬೆಳಕಿನಲ್ಲಿ ನೋಡಬೇಕು.

ಮುಂದೆ ನವಾಹೊ ನಾಡು. ಅಲ್ಲಲ್ಲಿ ಒಂಟಿ ಮನೆ, ಪಕ್ಕದಲ್ಲೊಂದು ನೀರಿನ ಡ್ರಮ್ಮು ಹೊತ್ತ ಪಿಕಪ್ ಟ್ರಕ್. ಜಗತ್ತಿನ ಅತಿ ಶ್ರೀಮಂತ ದೇಶದೊಳಗೆ ನೀರು ಹೊತ್ತು ತರುವ ಮನೆಗಳೇಕಿವೆ? ನವಾಹೊ ಮತ್ತು ಹೋಪಿಗಳ ನಡುವಿನ ಭೂವಿವಾದದ ಹೆಸರಿನಲ್ಲಿ ಸರ್ಕಾರ 1966ರಲ್ಲಿ ಈ ಸೀಮೆಯಲ್ಲಿ ಹೊಸ ಕಟ್ಟಡ, ವಿದ್ಯುತ್, ನೀರಿನ ಕೊಳಾಯಿ, ಕಡೆಗೆ ಮನೆ ರಿಪೇರಿಯನ್ನೂ ತಡೆಹಿಡಿಯಿತು. ಆ ನಿರ್ಬಂಧ ಕಾನೂನಿನಿಂದ ಅಳಿದದ್ದು 2009ರಲ್ಲಿ. ಎರಡು ತಲೆಮಾರು ಹಾಗೆಯೇ ಕಳೆದವು. ರಸ್ತೆಬದಿಯಲ್ಲಿ ಮಣಿಸರ ಮಾರುವವರ ಎದುರು ನಿಂತಾಗ ಈ ಸಂಗತಿ ನೆನಪಿರಬೇಕು.

ಕ್ಯಾಮರನ್‌ನಲ್ಲಿ ಲಿಟಲ್ ಕೊಲೊರಾಡೊ ನದಿ ಅಡ್ಡ ಬರುತ್ತದೆ. ವರ್ಷದ ಬಹುಪಾಲು ಬತ್ತಿದ ಕೆಸರಿನ ಹಾಸು. 1911ರಲ್ಲಿ ಕಟ್ಟಿದ ತೂಗುಸೇತುವೆ ಹೊಸ ಸೇತುವೆಯ ಪಕ್ಕದಲ್ಲಿ ಇನ್ನೂ ನಿಂತಿದೆ. ದಾಟಲು ದಾರಿಯಾದ ಮೇಲೆ, 1916ರಲ್ಲಿ, ರಿಚರ್ಡ್‌ಸನ್ ಸಹೋದರರು ಇಲ್ಲಿ ವಿನಿಮಯದ ಅಂಗಡಿ ತೆರೆದರು. ನವಾಹೊಗಳು ಉಣ್ಣೆ, ಕಂಬಳಿ, ಕುರಿ ತಂದುಕೊಟ್ಟು ಹಿಟ್ಟು, ಕಾಫಿ, ಬಟ್ಟೆ ಒಯ್ಯುತ್ತಿದ್ದರು. ಇವತ್ತು ಅದೇ ಕ್ಯಾಮರನ್ ಟ್ರೇಡಿಂಗ್ ಪೋಸ್ಟ್‌ನಲ್ಲಿ ವಸತಿಗೃಹ, ಊಟದ ಮನೆ, ದೊಡ್ಡ ಮಳಿಗೆ ಎಲ್ಲ ಇವೆ. ಎಣ್ಣೆಯಲ್ಲಿ ಕರಿದ ದಪ್ಪ ರೊಟ್ಟಿಯ ಮೇಲೆ ಹುರುಳಿಕಾಯಿ ಬೀಜ, ಚೀಸ್, ಸೊಪ್ಪು ಹರಡಿದ ನವಾಹೊ ಟಾಕೊ ಕೇಳಿ. ಒಂದನ್ನು ಇಬ್ಬರು ತಿನ್ನಬಹುದು. ಸಸ್ಯಾಹಾರಿಗಳು ಮಾಂಸ ಬೇಡವೆಂದು ಮೊದಲೇ ಹೇಳಬೇಕು.

ನನ್ನನ್ನು ಹಿಡಿದು ನಿಲ್ಲಿಸಿದ್ದು ನೇಯ್ಗೆ. ನವಾಹೊ ಮಗ್ಗ ನೆಟ್ಟಗೆ ನಿಲ್ಲುವಂಥದ್ದು. ನೇಯುವಾಕೆ ಅದರೆದುರು ಕುಳಿತು, ಕೆಳಗಿನಿಂದ ಮೇಲಕ್ಕೆ, ಹೊಕ್ಕಿನ ನೂಲನ್ನು ಬಣ್ಣ ಬಣ್ಣವಾಗಿ ಬೆರಳಿನಲ್ಲೇ ತೂರಿಸಿ, ಮರದ ಬಾಚಣಿಗೆಯಿಂದ ಬಡಿದು ಕೂರಿಸುತ್ತಾಳೆ. ಕಾಗದದ ಮೇಲೆ ನಕ್ಷೆ ಬರೆದುಕೊಳ್ಳುವ ರೂಢಿ ಕಡಿಮೆ; ಲೆಕ್ಕವೆಲ್ಲ ತಲೆಯಲ್ಲಿ. ಕುರಿಯ ಉಣ್ಣೆ ಕತ್ತರಿಸುವುದು, ಅದನ್ನು ಹಿಂಜುವುದು, ಉದ್ದ ಕದಿರನ್ನು ತೊಡೆಯ ಮೇಲೆ ಉರುಳಿಸಿ ನೂಲುವುದು, ಗಿಡಗಳಿಂದ ಬಣ್ಣ ತೆಗೆಯುವುದು ಸೇರಿದರೆ ಒಂದು ನೆಲಹಾಸಿಗೆ ತಿಂಗಳುಗಳೇ ಹಿಡಿಯುತ್ತವೆ. ಚಳ್ಳಕೆರೆ ಕಡೆಯ ಕುರುಬರ ಕಂಬಳಿ ಗೊತ್ತಿರುವವರಿಗೆ ಈ ಹಾಸುಗಳ ಬೆಲೆ ದುಬಾರಿ ಎನಿಸಲಾರದು. ಕೆಲವು ಹಾಸುಗಳ ಅಂಚಿನಲ್ಲಿ, ಒಳಗಿನ ಬಣ್ಣದ್ದೊಂದು ತೆಳುಗೆರೆ ಚೌಕಟ್ಟನ್ನು ಸೀಳಿ ಹೊರಗೆ ಹೋಗಿರುತ್ತದೆ. ಅದು ತಪ್ಪು ನೇಯ್ಗೆಯಲ್ಲ. ನೇಯ್ದವಳ ಮನಸ್ಸು ಹಾಸಿನೊಳಗೇ ಸಿಕ್ಕಿಬೀಳದಿರಲೆಂದು ಬಿಟ್ಟ ದಾರಿ.

ಈ ಕಲೆ ಉಳಿದಿರುವುದೇ ಒಂದು ಸಾಹಸ. 1864ರಲ್ಲಿ ಸೈನ್ಯ ಸಾವಿರಾರು ನವಾಹೊಗಳನ್ನು ನೂರಾರು ಮೈಲಿ ನಡೆಸಿ ನ್ಯೂ ಮೆಕ್ಸಿಕೊದ ಬಯಲಿನಲ್ಲಿ ಕೂಡಿಹಾಕಿತು. 1868ರ ಒಪ್ಪಂದದ ನಂತರವೇ ಅವರು ಮರಳಿದ್ದು. 1930ರ ದಶಕದಲ್ಲಿ, ಮೇವಿನ ನೆಲ ಸವೆಯುತ್ತಿದೆಯೆಂದು ಸರ್ಕಾರ ಅವರ ಕುರಿಗಳನ್ನು ಬಲವಂತದಿಂದ ಕಡಿಮೆ ಮಾಡಿಸಿತು. ಉದ್ದ ಉಣ್ಣೆಯ ಚುರ್ರೊ ತಳಿ ಆಗ ಅಳಿಯುವ ಅಂಚಿಗೆ ಬಂತು. 1970ರ ದಶಕದಲ್ಲಿ ಅದನ್ನು ಹುಡುಕಿ ಮತ್ತೆ ಬೆಳೆಸತೊಡಗಿದರು.

ಕ್ಯಾಮರನ್‌ನಿಂದ ಪಶ್ಚಿಮಕ್ಕೆ ತಿರುಗಿ ಸ್ವಲ್ಪ ಹೋದರೆ ಲಿಟಲ್ ಕೊಲೊರಾಡೊ ಕಮರಿಯ ಅಂಚು. ಚಪ್ಪಟೆ ಬಯಲು ಮುನ್ಸೂಚನೆಯೇ ಇಲ್ಲದೆ ಎರಡಾಗಿ ಸೀಳಿದೆ. ಇಳಿಜಾರಿಲ್ಲ, ನೆಟ್ಟನೆ ಗೋಡೆ. ನಿಜ ಹೇಳಬೇಕೆಂದರೆ ಮುಂದೆ ಸಿಗುವ ಮಹಾಕಮರಿಗಿಂತ ಇದೇ ಎದೆ ನಡುಗಿಸುತ್ತದೆ. ಇದರ ಆಳ ಕಣ್ಣಿನ ಅಳತೆಗೆ ಸಿಗುವಂಥದ್ದು. ಈ ನದಿ ಕೊಲೊರಾಡೊವನ್ನು ಸೇರುವ ಸಂಗಮ ಹೋಪಿ ಮತ್ತು ನವಾಹೊಗಳಿಗೆ ಪವಿತ್ರ. ಅಲ್ಲಿಗೆ ಪ್ರವಾಸಿಗರನ್ನು ಇಳಿಸಲು ರೋಪ್‌ವೇ ಕಟ್ಟುವ ಯೋಜನೆಯೊಂದು ಎದ್ದಿತ್ತು. 2017ರಲ್ಲಿ ನವಾಹೊ ಜನಪ್ರತಿನಿಧಿ ಸಭೆ ಅದನ್ನು ತಿರಸ್ಕರಿಸಿತು. ಒಳ್ಳೆಯದೇ ಆಯಿತು.

ನೋಟದ ಕಟ್ಟೆಗೆ ಹೋಗುವ ಹಾದಿಯಲ್ಲೇ ಹಲಗೆಯ ಅಂಗಡಿಗಳ ಸಾಲು. ಬೆಳ್ಳಿ ಉಂಗುರ, ಜೂನಿಪರ್ ಬೀಜದ ಸರ, ಹಸಿರು ನೀಲಿ ಟರ್ಕಾಯ್ಸ್ ಕಲ್ಲಿನ ಕಡಗ. ಒಬ್ಬ ಅಜ್ಜಿಯ ಅಂಗಡಿಯಲ್ಲಿ ಯಾರು ಮಾಡಿದ್ದೆಂದು ಕೇಳಿದೆ. ಸರ ತನ್ನದು, ಕಡಗ ಅಳಿಯನದು ಎಂದು ಹೇಳಿ, ಕಡಗ ತಿರುಗಿಸಿ ಒಳಗಿನ ಮುದ್ರೆ ತೋರಿಸಿದರು. ಕೇಳಬೇಕಾದ ಪ್ರಶ್ನೆ ಅದೇ. ಬೇರೆಯವರು ಮಾಡಿದ್ದನ್ನು ಮೂಲನಿವಾಸಿಗಳ ಕೈಕೆಲಸವೆಂದು ಮಾರುವುದನ್ನು 1990ರ ಕೇಂದ್ರ ಕಾನೂನು ಅಪರಾಧವೆಂದು ಸಾರಿದೆ. ಆದರೂ ನಕಲಿ ಮಾಲು ಬರುತ್ತಲೇ ಇದೆ. ಟರ್ಕಾಯ್ಸ್‌ನಲ್ಲಿ ಸಹಜ ಕಲ್ಲೂ ಇದೆ, ರಾಳ ಕುಡಿಸಿ ಗಟ್ಟಿಮಾಡಿದ ಕಲ್ಲೂ ಇದೆ, ಬಣ್ಣದ ಪ್ಲಾಸ್ಟಿಕ್ಕೂ ಇದೆ. ಯಾವುದೆಂದು ಬಾಯಿಬಿಟ್ಟು ಕೇಳಿ.

ರಸ್ತೆ ಮತ್ತೆ ಏರಿ, ಕಾಡು ಹೊಕ್ಕು, 2,267 ಮೀಟರ್ ಎತ್ತರದ ಡೆಸರ್ಟ್ ವ್ಯೂ ಮುಟ್ಟುತ್ತದೆ. ಮೇರಿ ಕಾಲ್ಟರ್ ಎಂಬ ವಾಸ್ತುಶಿಲ್ಪಿ 1932ರಲ್ಲಿ ಕಟ್ಟಿಸಿದ, 21 ಮೀಟರ್ ಎತ್ತರದ ಕಲ್ಲಿನ ಬುರುಜು ಇಲ್ಲಿದೆ. ಒಳಗೋಡೆಯ ಮೇಲೆ ಹೋಪಿ ಕಲಾವಿದ ಫ್ರೆಡ್ ಕಬೋಟಿ ಬರೆದ ಚಿತ್ರಗಳು: ಟೊಳ್ಳು ದಿಮ್ಮಿಯಲ್ಲಿ ಕುಳಿತು ನದಿಯಗುಂಟ ಸಾಗಿಹೋದ ಯುವಕನ ಕತೆ. ಎರಡನೇ ಮಹಾಯುದ್ಧದಿಂದ ಮರಳಿದ ಹೋಪಿ ಯೋಧರಿಗೆ, ಪಾಲ್ ಸಾಫ್ಕಿ ಎಂಬವರ ಜೊತೆಗೂಡಿ, ಬೆಳ್ಳಿ ಕೆಲಸ ಕಲಿಸಿದವರೂ ಇದೇ ಕಬೋಟಿ. ಮೇಲಿನ ತಗಡಿನಲ್ಲಿ ಚಿತ್ತಾರ ಕೊರೆದು, ಕೆಳತಗಡಿಗೆ ಬೆಸೆದು, ತಗ್ಗನ್ನು ಕಪ್ಪಾಗಿಸುವ ಹೋಪಿ ಶೈಲಿ ಹರಡಿದ್ದು ಆ ತರಗತಿಗಳಿಂದ.

ಬುರುಜಿನಿಂದ ಕೊಲೊರಾಡೊ ನದಿ ಬಾಗಿ ಹರಿಯುವುದು ಚೆನ್ನಾಗಿ ಕಾಣುತ್ತದೆ. ಕಾಲ ಕೆಳಗಿನ ಸುಣ್ಣಕಲ್ಲಿಗೆ 27 ಕೋಟಿ ವರ್ಷ. ಪಶ್ಚಿಮಕ್ಕೆ ಸಾಗಿದಂತೆ ತಳದಲ್ಲಿ ಕಾಣುವ ಕಪ್ಪು ಶಿಲೆಗೆ 170 ಕೋಟಿಗೂ ಹೆಚ್ಚು. ಭೂವಿಜ್ಞಾನಿಗಳು ಅದನ್ನು ಕರೆಯುವುದು ವಿಷ್ಣು ಶಿಲೆಯೆಂದು. 1880ರ ದಶಕದಲ್ಲಿ ಇಲ್ಲಿ ಅಧ್ಯಯನ ಮಾಡಿದ ಕ್ಲಾರೆನ್ಸ್ ಡಟನ್, ಗೋಪುರದಂಥ ಶಿಖರಗಳಿಗೆ ವಿಷ್ಣು, ಶಿವರ ಹೆಸರಿಟ್ಟ.

ಹೊರಡುವವರು ನಗದು ಹಣ ಇಟ್ಟುಕೊಳ್ಳಿ. ಬೇಸಿಗೆಯಲ್ಲಿ ನವಾಹೊ ನಾಡಿನ ಗಡಿಯಾರ ಉಳಿದ ಅರಿಜೋನಾಕ್ಕಿಂತ ಒಂದು ಗಂಟೆ ಮುಂದಿರುತ್ತದೆ, ಮರೆಯಬೇಡಿ. ಜನರ ಫೋಟೊ ಕೇಳದೆ ತೆಗೆಯಬೇಡಿ. ಏನಾದರೂ ಕೊಳ್ಳುವುದಿದ್ದರೆ ಕಮರಿಯ ಅಂಚಿನ ಹಲಗೆಯಂಗಡಿಗಳಲ್ಲೇ, ಮಾಡಿದವರ ಕೈಯಿಂದಲೇ ಕೊಳ್ಳಿ, ಚೌಕಾಸಿ ಬೇಡ.