ಮೌಲ್ಡ್ ಹಾಕೋ ಮುಂಚೆ ಯಾರು ನೋಡಿದ್ರು?

(ಆಡಿಯೊ ಸಂಚಿಕೆಯ ಬರಹ ರೂಪ. ಓದೋಕೆ ಅನುಕೂಲ ಆಗಲಿ ಅಂತ ಅಲ್ಲಲ್ಲಿ ಸ್ವಲ್ಪ ತಿದ್ದಿದ್ದೇವೆ.)

ಬಸ್ಸಲ್ಲೋ ಮೆಟ್ರೋದಲ್ಲೋ ಇದ್ದೀರಿ ಅಂದ್ರೆ ಒಂದ್ಸಲ ಕಿಟಕಿಯಿಂದ ಆಚೆ ನೋಡಿ. ಬೆಂಗಳೂರಾಗಿದ್ರೆ ಐದು ನಿಮಿಷದೊಳಗೆ ಕಟ್ತಾ ಇರೋ ಒಂದು ಬಿಲ್ಡಿಂಗ್ ಕಂಡೇ ಕಾಣತ್ತೆ. ಹಸಿರು ಬಲೆ, ಮರದ ಕಂಬ, ರಸ್ತೆ ಮೇಲೆ ಎಂ-ಸ್ಯಾಂಡ್ ರಾಶಿ. ಇವತ್ತಿನ ಪ್ರಶ್ನೆ ಇಷ್ಟೇ: ಆ ಬಿಲ್ಡಿಂಗ್ ಸರಿಯಾಗಿ ಏಳ್ತಾ ಇದೆಯಾ ಅಂತ ಸರ್ಕಾರದ ಪರವಾಗಿ ನೋಡೋರು ಯಾರು? ಅವರು ನಿಜವಾಗ್ಲೂ ಏನು ನೋಡ್ತಾರೆ?

ನನಗೆ ಈ ವಿಷಯ ತಲೆಗೆ ಹೊಕ್ಕಿದ್ದು ನಾನಿದ್ದ ಪಿಜಿಯಿಂದ. ಮೂರನೇ ಮಹಡಿ, ಒಂದೇ ಕಿಟಕಿ. ಪಕ್ಕದಲ್ಲಿ ಖಾಲಿ ಇದ್ದ ಮೂವತ್ತು-ನಲವತ್ತರ ಸೈಟಲ್ಲಿ ಪಾಯ ತೋಡಿದ್ರು. ಆರು ತಿಂಗಳಲ್ಲಿ ಅವರ ಗೋಡೆ ನನ್ನ ಕಿಟಕಿಗೆ ಎಷ್ಟು ಹತ್ತಿರ ಬಂತು ಅಂದ್ರೆ, ಕೈ ಚಾಚಿದ್ರೆ ಹಸಿ ಸಿಮೆಂಟ್ ಮುಟ್ಟಬಹುದಿತ್ತು. ಯಾರೋ ಕಂಪ್ಲೇಂಟ್ ಕೊಟ್ಟಿರಬೇಕು. ಒಂದು ಮಧ್ಯಾಹ್ನ ಸ್ಕೂಟರಲ್ಲಿ ಒಬ್ರು ಬಂದ್ರು, ಟೇಪ್ ಹಿಡಿದು ಅಳೆದ್ರು, ಫೋಟೋ ತೆಗೆದ್ರು, ಗೇಟಿಗೆ ಒಂದು ಕಾಗದ ಅಂಟಿಸಿ ಹೋದ್ರು. ಮೂರು ದಿನ ಕೆಲಸ ನಿಂತಿತ್ತು. ನಾಲ್ಕನೇ ದಿನ ರಾತ್ರಿ ಹತ್ತೂವರೆಗೆ ಮಿಕ್ಸರ್ ಸದ್ದು ಶುರು. ಬೆಳಗ್ಗೆ ಎದ್ದಾಗ ಇನ್ನೊಂದು ಮಹಡಿಗೆ ಮೌಲ್ಡ್ ಬಿದ್ದಿತ್ತು.

ಆಗ ನನಗೆ ಸಿಟ್ಟು ಬಂದಿದ್ದು ಸ್ಕೂಟರಲ್ಲಿ ಬಂದಿದ್ದೋರ ಮೇಲೆ. ಈಗ ಅಷ್ಟು ಸಲೀಸಾಗಿ ಸಿಟ್ಟು ಬರಲ್ಲ. ಯಾಕೆ ಅಂತ ಹೇಳ್ತೀನಿ.

ಅಮೆರಿಕದ ನಗರಗಳಲ್ಲಿ ‘ಬಿಲ್ಡಿಂಗ್ ಇನ್‌ಸ್ಪೆಕ್ಟರ್’ ಅನ್ನೋದೇ ಒಂದು ಬೇರೆ ಉದ್ಯೋಗ. ಪಾಯದ ಕಂಬಿ ಕಟ್ಟಿದ ಮೇಲೆ ಕರೀಬೇಕು, ಗೋಡೆ ಮುಚ್ಚೋ ಮೊದಲು ವೈರಿಂಗು ಪೈಪು ತೋರಿಸ್ಬೇಕು, ಕೊನೆಗೆ ಇನ್ನೊಂದ್ಸಲ. ಅವರು ಸಹಿ ಹಾಕೋವರೆಗೂ ಮುಂದಿನ ಹಂತ ಮುಟ್ಟೋ ಹಾಗಿಲ್ಲ. ನಮ್ಮಲ್ಲಿ ಸಾಮಾನ್ಯವಾಗಿ ಆ ಹೆಸರಿನ ಕುರ್ಚಿ ಇಲ್ಲ. ಪ್ಲಾನ್ ಮಂಜೂರು ಮಾಡೋದು ನಗರ ಯೋಜನೆ ವಿಭಾಗ. ಆದ್ರೆ ಬೀದಿಯಲ್ಲಿ ಏನು ಏಳ್ತಾ ಇದೆ ಅಂತ ನೋಡೋ ಹೊಣೆ ಹೆಚ್ಚಾಗಿ ವಾರ್ಡಿನ ಎಇ, ಅವರ ಮೇಲಿನ ಎಇಇ ತಲೆ ಮೇಲೆ. ಎಇ ಅಂದ್ರೆ ಸಹಾಯಕ ಇಂಜಿನಿಯರ್. ಅದೇ ಎಇ ರಸ್ತೆ ಗುಂಡಿ ನೋಡ್ಬೇಕು, ಮಳೆ ಬಂದಾಗ ಚರಂಡಿ ನೋಡ್ಬೇಕು, ಫುಟ್‌ಪಾತ್ ಕಾಮಗಾರಿ ಬಿಲ್ ಬರೀಬೇಕು. ಇದರ ನಡುವೆ ವಾರ್ಡಿನಲ್ಲಿ ಏಳೋ ಪ್ರತಿ ಮನೆಯನ್ನೂ ಅಳೀಬೇಕು. ಬಿಬಿಎಂಪಿ ಹೋಗಿ 2025ರ ಸೆಪ್ಟೆಂಬರಿಂದ ಐದು ನಗರ ಪಾಲಿಕೆಗಳಾಗಿವೆ, ಬೋರ್ಡು ಬದಲಾಗಿದೆ. ಟೇಪ್ ಹಿಡಿಯೋ ಕೈ ಮಾತ್ರ ಅದೇ.

ಸರಿ, ಟೇಪಲ್ಲಿ ಅವರು ಅಳೆಯೋದೇನು? ಮೊದಲನೇದು ಸೆಟ್‌ಬ್ಯಾಕ್, ಅಂದ್ರೆ ಸೈಟಿನ ಗಡಿಯಿಂದ ಗೋಡೆವರೆಗೆ ನಾಲ್ಕೂ ಕಡೆ ಬಿಡಬೇಕಾದ ಜಾಗ. ಗಾಳಿ ಬೆಳಕಿಗೆ ಮಾತ್ರ ಅಲ್ಲ, ಬೆಂಕಿ ಬಿದ್ರೆ ಪಕ್ಕದ ಮನೆಗೆ ಹಬ್ಬದೇ ಇರಲಿ, ಒಳಗೆ ಹೋಗೋಕೆ ದಾರಿ ಇರಲಿ ಅಂತಾನೂ ಅದು. ಎರಡನೇದು ಎಫ್‌ಎಆರ್. ಇದು ಸುಲಭ ಲೆಕ್ಕ: 1200 ಚದರ ಅಡಿ ಸೈಟಿಗೆ ಎಫ್‌ಎಆರ್ 1.75 ಅಂತಿದ್ರೆ, ಎಲ್ಲ ಮಹಡಿ ಸೇರಿಸಿ 2100 ಚದರ ಅಡಿ ಕಟ್ಟಬಹುದು. ಆಮೇಲೆ ಎತ್ತರ, ಮಹಡಿ ಎಷ್ಟು, ಮೆಟ್ಟಿಲ ಅಗಲ, ಪಾರ್ಕಿಂಗ್, ಮಳೆ ನೀರು ಕೊಯ್ಲು. 2003ರ ಕಟ್ಟಡ ಬೈಲಾದಲ್ಲಿ ಸಣ್ಣಪುಟ್ಟ ವ್ಯತ್ಯಾಸಕ್ಕೆ ಶೇ 5ರವರೆಗೆ ಮಾಫಿ ಇದೆ, ದಂಡ ಕಟ್ಟಿ ಸರಿ ಮಾಡ್ಕೊಬಹುದು. ಒಂದು ಇಡೀ ಮಹಡಿ ಈ ಶೇ 5ರಲ್ಲಿ ಬರಲ್ಲ ಅಂತ ಬೇರೆ ಹೇಳಬೇಕಾಗಿಲ್ಲ.

ಈಗ ಗಮನಿಸಿ. ನಾನು ಇಲ್ಲಿವರೆಗೆ ಹೇಳಿದ್ದೆಲ್ಲ ಬಿಲ್ಡಿಂಗ್ ಮುಗಿದ ಮೇಲೂ ಅಳೆಯಬಹುದಾದ್ದು. ಹತ್ತು ವರ್ಷ ಬಿಟ್ಟು ಟೇಪ್ ಹಿಡಿದ್ರೂ ಸೆಟ್‌ಬ್ಯಾಕ್ ಅಲ್ಲೇ ಇರತ್ತೆ. ಆದ್ರೆ ಬಿಲ್ಡಿಂಗ್ ಬೀಳೋಕೆ ಕಾರಣ ಆಗೋ ಸಂಗತಿಗಳು ಒಂದೇ ಒಂದು ದಿನ ಕಣ್ಣಿಗೆ ಕಾಣತ್ತವೆ, ಮಾರನೇ ದಿನ ಕಾಂಕ್ರೀಟಿನ ಒಳಗೆ.

ನಾನು ಬಿಕಾಂ ಓದಿದೋನು, ಇಂಜಿನಿಯರ್ ಅಲ್ಲ. ಆದ್ರೆ ಆಡಿಟ್‌ನಲ್ಲಿ ಒಂದು ಮಾತು ಕಲಿಸ್ತಾರೆ: ಸ್ಟಾಕ್ ಎಣಿಸೋದಾದ್ರೆ ಮಾರ್ಚ್ 31ಕ್ಕೆ ಗೋಡೌನಲ್ಲಿ ನಿಂತು ಎಣಿಸು. ಜೂನಲ್ಲಿ ಹೋದ್ರೆ ನಿನಗೆ ಸಿಗೋದು ರಿಜಿಸ್ಟರ್ ಮಾತ್ರ. ಮೌಲ್ಡ್ ಕೂಡ ಹಾಗೇ. ಪಿಲ್ಲರಲ್ಲಿ ಡ್ರಾಯಿಂಗ್ ಪ್ರಕಾರ ಎಂಟು ಕಂಬಿ ಇರಬೇಕಿತ್ತು, ಆರೇ ಇತ್ತು ಅನ್ನೋದು ಕಾಂಕ್ರೀಟ್ ಸುರಿಯೋ ಮುಂಚಿನ ಬೆಳಗ್ಗೆ ಮಾತ್ರ ಬರಿಗಣ್ಣಿಗೆ ಗೊತ್ತಾಗೋದು. ಕಂಬಿಗೆ ಸುತ್ತೋ ರಿಂಗ್ ಎಷ್ಟು ದೂರಕ್ಕೆ ಒಂದು ಇದೆ ಅನ್ನೋದೂ ಅಷ್ಟೇ. ಕಂಬಿಗೂ ಹೊರಗಿನ ಮೇಲ್ಮೈಗೂ ನಡುವೆ ಸಾಕಷ್ಟು ಕಾಂಕ್ರೀಟ್ ಇರಬೇಕು, ಇದನ್ನ ‘ಕವರ್’ ಅಂತಾರೆ. ಭಾರತೀಯ ಮಾನಕ ಐಎಸ್ 456ರ ಪ್ರಕಾರ ಪಿಲ್ಲರಿಗೆ ಸಾಮಾನ್ಯವಾಗಿ 40 ಮಿಲಿಮೀಟರ್, ಪಾಯಕ್ಕೆ 50. ಅದು ಕಮ್ಮಿಯಾದ್ರೆ ಕಂಬಿಗೆ ನೀರು ತಾಗತ್ತೆ, ತುಕ್ಕು ಹಿಡಿಯತ್ತೆ, ಹಿಗ್ಗತ್ತೆ, ಕಾಂಕ್ರೀಟನ್ನ ಒಳಗಿಂದ ಒಡೆಯತ್ತೆ. ಹಳೇ ಬಿಲ್ಡಿಂಗಲ್ಲಿ ಸೀಲಿಂಗ್ ಉದುರಿ ಕಂದು ಕಂಬಿ ಕಾಣೋದು ನೋಡಿರ್ತೀರಲ್ಲ, ಅದೇ ಇದು.

ಆಮೇಲೆ ಕಾಂಕ್ರೀಟ್. ಎಂ20 ಅಂದ್ರೆ 28 ದಿನ ಆದ ಮೇಲೆ ಚದರ ಮಿಲಿಮೀಟರಿಗೆ 20 ನ್ಯೂಟನ್ ಒತ್ತಡ ತಡೀಬೇಕು. ಅದನ್ನ ಪರೀಕ್ಷೆ ಮಾಡೋಕೆ ಮೌಲ್ಡ್ ಹಾಕೋ ದಿನಾನೇ ಅದೇ ಕಾಂಕ್ರೀಟಲ್ಲಿ 150 ಮಿಲಿಮೀಟರಿನ ಘನಾಕಾರದ ಮಾದರಿ ತೆಗೆದಿಡಬೇಕು, ನೀರಲ್ಲಿ ಮುಳುಗಿಸಿಟ್ಟು ಆಮೇಲೆ ಮೆಷಿನಲ್ಲಿ ಒಡೀಬೇಕು. ಆ ದಿನ ತೆಗೀಲಿಲ್ಲ ಅಂದ್ರೆ ತೆಗೀಲಿಲ್ಲ ಅಷ್ಟೇ. ಇನ್ನು ಸೈಟಲ್ಲಿ ನಡೆಯೋ ಮಾಮೂಲಿ ಕಥೆ: ಕಾಂಕ್ರೀಟ್ ಗಟ್ಟಿ ಅನ್ನಿಸಿದ್ರೆ, ಸಲೀಸಾಗಿ ಹರೀಲಿ ಅಂತ ಎರಡು ಬಕೆಟ್ ನೀರು ಜಾಸ್ತಿ. ಕೆಲಸ ಬೇಗ ಆಗತ್ತೆ, ಬಲ ಇಳಿಯತ್ತೆ. ಇದಕ್ಕೆ ಯಾವ ದಾಖಲೆಯೂ ಇರಲ್ಲ. ಸೆಂಟ್ರಿಂಗ್ ಬಿಚ್ಚೋ ವಿಷಯದಲ್ಲೂ ಹಾಗೇ. ಸ್ಲ್ಯಾಬಿನ ಕೆಳಗಿನ ಆಸರೆ ಕಂಬಗಳನ್ನ ಸ್ಲ್ಯಾಬಿನ ಅಗಲಕ್ಕೆ ತಕ್ಕ ಹಾಗೆ ಏಳರಿಂದ ಹದಿನಾಲ್ಕು ದಿನ ತೆಗೀಬಾರದು, ದೊಡ್ಡ ಬೀಮುಗಳಿಗೆ ಇನ್ನೂ ಜಾಸ್ತಿ. ಆದ್ರೆ ಬಾಡಿಗೆ ಸೆಂಟ್ರಿಂಗ್ ಸಾಮಾನಿಗೆ ದಿನಕ್ಕಿಷ್ಟು ಅಂತ ಮೀಟರ್ ಓಡ್ತಿರತ್ತೆ.

ಹಾಗಾದ್ರೆ ನಮ್ಮ ವ್ಯವಸ್ಥೆಯಲ್ಲಿ ಇದನ್ನ ನೋಡೋದು ಯಾರು? ಕಾಗದದ ಪ್ರಕಾರ ಮಾಲೀಕರು ನೇಮಿಸಿದ ಸ್ಟ್ರಕ್ಚರಲ್ ಇಂಜಿನಿಯರ್. ಅವರ ಫೀಸ್ ಕೊಡೋದು ಮಾಲೀಕರೇ. ಕಂಪನಿಯೇ ಆಡಿಟರಿಗೆ ಫೀಸ್ ಕೊಡೋ ಹಾಗೆ, ಅನ್ಕೊಳ್ಳಿ. ಸಣ್ಣ ಮನೆಗಳಲ್ಲಿ ಎಷ್ಟೋ ಸಲ ಇಂಜಿನಿಯರ್ ಹೆಸರು ಡ್ರಾಯಿಂಗ್ ಮೇಲೆ, ತೀರ್ಮಾನ ಮೇಸ್ತ್ರಿದು. ಪಾಲಿಕೆಯವರು ತಳಪಾಯದ ಹಂತದಲ್ಲಿ ಒಮ್ಮೆ ನೋಡಿ ಸಿಸಿ ಕೊಡ್ಬೇಕು, ಮುಗಿದ ಮೇಲೆ ಇನ್ನೊಮ್ಮೆ ನೋಡಿ ಓಸಿ ಕೊಡ್ಬೇಕು. ಸಿಸಿ ಅಂದ್ರೆ ಕಾಮಗಾರಿ ಆರಂಭ ಪತ್ರ, ಓಸಿ ಅಂದ್ರೆ ಸ್ವಾಧೀನ ಪತ್ರ. ಮಧ್ಯದ ಮಹಡಿಗಳು ಏಳುವಾಗ ಆ ಬೆಳಗ್ಗೆ ಅಲ್ಲಿ ನಿಲ್ಲೋಕೆ ಒಬ್ಬ ಎಇಗೆ ಪುರುಸೊತ್ತೆಲ್ಲಿ? ನನಗೆ ಸರ್ಕಾರಿ ಕಚೇರಿಗಳ ಮೇಲೆ ದೊಡ್ಡ ಪ್ರೀತಿ ಏನಿಲ್ಲ. ದುಡ್ಡು ತಗೊಂಡು ಕಣ್ಣು ಮುಚ್ಚೋರು ಇಲ್ಲ ಅಂತ ನಾನೂ ಹೇಳಲ್ಲ. ಆದ್ರೆ ಪ್ರಾಮಾಣಿಕರೊಬ್ರನ್ನ ಆ ಕುರ್ಚಿಯಲ್ಲಿ ಕೂರಿಸಿದ್ರೂ ಈ ಲೆಕ್ಕ ಕೂಡಲ್ಲ.

ನೋಟಿಸ್ ಕಥೆಗೆ ಬರೋಣ. ಮೈಸೂರು, ಹುಬ್ಬಳ್ಳಿ-ಧಾರವಾಡದಂಥ ನಗರಗಳಿಗೆ ಅನ್ವಯ ಆಗೋ 1976ರ ಮುನಿಸಿಪಲ್ ಕಾರ್ಪೊರೇಷನ್ ಕಾಯ್ದೆಯಲ್ಲಿ 321ನೇ ಸೆಕ್ಷನ್ ಅಂತ ಇದೆ, ಬೆಂಗಳೂರಲ್ಲೂ ಬಹಳ ವರ್ಷ ಅದೇ ನಡೀತಿತ್ತು. ಮೊದಲು ತಾತ್ಕಾಲಿಕ ಆದೇಶ. ಜೊತೆಗೆ, ಯಾಕೆ ಕೆಡವಬಾರದು ಹೇಳಿ ಅಂತ ನೋಟಿಸ್. ಉತ್ತರ ನೋಡಿ ಅಂತಿಮ ಆದೇಶ. ಅದರ ಮೇಲೆ ಮಾಲೀಕರು ಮೇಲ್ಮನವಿ ಹಾಕಬಹುದು, ತಡೆಯಾಜ್ಞೆ ತರಬಹುದು. ಒಬ್ರ ಮನೆ ಕೆಡವೋ ಮೊದಲು ಅವರ ಮಾತು ಕೇಳ್ಬೇಕು, ಅದು ನ್ಯಾಯ. ಆದ್ರೆ ಕಾಗದ ಒಂದೊಂದೇ ಮೆಟ್ಟಿಲು ಹತ್ತೋ ಹೊತ್ತಿಗೆ ಬಿಲ್ಡಿಂಗ್ ಎರಡು ಮಹಡಿ ಹತ್ತಿರತ್ತೆ. ಜನ ಒಳಗೆ ಬಂದು ಹಾಲು ಉಕ್ಕಿಸಿದ ಮೇಲೆ ಕೆಡವೋದು ಇನ್ನೂ ಕಷ್ಟ.

ಮಾಲೀಕರ ಕಡೆಯ ಲೆಕ್ಕಾನೂ ನೋಡಿ. ಇದು ನಾನು ಉದಾಹರಣೆಗೆ ಹಾಕಿದ್ದು: ಹೆಚ್ಚುವರಿ ಒಂದು ಮಹಡಿ, 800 ಚದರ ಅಡಿ, ಚದರ ಅಡಿಗೆ 2,000 ರೂಪಾಯಿ ಅಂದ್ರೆ 16 ಲಕ್ಷ ಖರ್ಚು. ಅದರಲ್ಲಿ ಎರಡು ಮನೆ, ತಲಾ 15,000 ಬಾಡಿಗೆ. ವರ್ಷಕ್ಕೆ 3 ಲಕ್ಷ 60 ಸಾವಿರ. ನಾಲ್ಕೂವರೆ ವರ್ಷದಲ್ಲಿ ಹಾಕಿದ ದುಡ್ಡು ವಾಪಸ್, ಅದೂ ಅಡ್ವಾನ್ಸ್ ಬಿಟ್ಟು. ಮುಂದೆ ಯಾವತ್ತೋ ಸಕ್ರಮ ಮಾಡ್ತಾರೆ ಅನ್ನೋ ಆಸೆ ಬೇರೆ. ಅಕ್ರಮ-ಸಕ್ರಮ ಯೋಜನೆಗೆ 2017ರಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟಿದ್ರೂ ಆ ಆಸೆ ಹೋಗಿಲ್ಲ. ಆ ಹೆಚ್ಚುವರಿ ಮಹಡಿಯ ಭಾರ ಮಾತ್ರ ಕೆಳಗಿನ ಪಿಲ್ಲರ್ ಮೇಲೆ. ಪಿಲ್ಲರ್ ಲೆಕ್ಕ ಹಾಕಿದ್ದು ಮಂಜೂರಾದ ಮಹಡಿಗಳಿಗೆ.

ಇದೆಲ್ಲ ಬರೀ ಕಾಗದದ ಜಗಳ ಅಂದ್ಕೊಬೇಡಿ. 1983ರ ಸೆಪ್ಟೆಂಬರ್ 12ರಂದು ಬೆಂಗಳೂರಲ್ಲಿ ಕಪಾಲಿ ಚಿತ್ರಮಂದಿರದ ಹತ್ತಿರ ಕಟ್ಟುತ್ತಿದ್ದ ಗಂಗಾರಾಮ್ ಕಟ್ಟಡ ಕುಸಿದು 123 ಜನ ಸತ್ತರು. ನಮ್ಮ ತಲೆಮಾರಿಗೆ ನೆನಪಿರೋದು ಧಾರವಾಡ. 2019ರ ಮಾರ್ಚ್ 19, ಕುಮಾರೇಶ್ವರ ನಗರ. ಮೇಲೆ ಕೆಲಸ ನಡೀತಿತ್ತು, ಕೆಳಗೆ ಆಗಲೇ ಅಂಗಡಿಗಳು ಶುರುವಾಗಿದ್ದವು. ಮಧ್ಯಾಹ್ನ ಬಿಲ್ಡಿಂಗ್ ಕೂತೇಬಿಡ್ತು, 19 ಜನ ಹೋದರು. 2024ರ ಅಕ್ಟೋಬರ್ 22ರಂದು ಮಳೆ ನಡುವೆ ಬಾಬುಸಾಪಾಳ್ಯದಲ್ಲಿ ಕಟ್ಟುತ್ತಿದ್ದ ಬಿಲ್ಡಿಂಗ್ ಬಿತ್ತು, ಅಡಿಯಲ್ಲಿ ಸಿಕ್ಕಿದ್ದು ದುಡಿಯೋಕೆ ಬಂದಿದ್ದ ಕಾರ್ಮಿಕರು. ಬಿದ್ದ ಮೇಲೆ ಕಾಂಕ್ರೀಟಿನ ತುಂಡು ಲ್ಯಾಬಿಗೆ ಹೋಗತ್ತೆ, ಕಂಬಿ ಎಣಿಸ್ತಾರೆ. ಯಾವತ್ತೋ ಒಂದು ಬೆಳಗ್ಗೆ ಎಣಿಸಬೇಕಾಗಿದ್ದ ಅದೇ ಕಂಬಿ.

ಇನ್ನು 2024ರ ಡಿಸೆಂಬರ್ 17ರ ಸುಪ್ರೀಂ ಕೋರ್ಟ್ ತೀರ್ಪು. ಉತ್ತರ ಪ್ರದೇಶದ ಮೇರಠ್‌ನ ಕೇಸು, ಆದ್ರೆ ನಿರ್ದೇಶನ ಇಡೀ ದೇಶಕ್ಕೆ. ಮಂಜೂರಾದ ಪ್ಲಾನನ್ನ ಕೆಲಸ ಮುಗಿಯೋವರೆಗೂ ಸೈಟಲ್ಲಿ ಪ್ರದರ್ಶಿಸ್ಬೇಕು. ಅಧಿಕಾರಿಗಳು ಕಾಲಕಾಲಕ್ಕೆ ತಪಾಸಣೆ ಮಾಡಿ ದಾಖಲೆ ಇಡಬೇಕು. ಪೂರ್ಣಗೊಂಡ ಪತ್ರ ಅಥವಾ ಓಸಿ ನೋಡದೆ ಕರೆಂಟು, ನೀರಿನ ಸಂಪರ್ಕ ಕೊಡೋ ಹಾಗಿಲ್ಲ, ಬ್ಯಾಂಕೂ ಅದನ್ನ ನೋಡೇ ಸಾಲ ಕೊಡ್ಬೇಕು. ಇದು ಬಂದ ಮೇಲೆ ಕರ್ನಾಟಕದಲ್ಲಿ ಸಾವಿರಾರು ಮನೆಗಳಿಗೆ ಮೀಟರ್ ಸಿಗದೆ ಗಲಾಟೆ ಆಯ್ತು. 2025ರಲ್ಲಿ ಸರ್ಕಾರ 1200 ಚದರ ಅಡಿವರೆಗಿನ ಸೈಟಿನ ಸಣ್ಣ ವಸತಿ ಕಟ್ಟಡಗಳಿಗೆ ಓಸಿಯಿಂದ ವಿನಾಯಿತಿ ಕೊಡ್ತು. ಸಾಲ ಮಾಡಿ ಮನೆ ಕಟ್ಟಿ ಕತ್ತಲಲ್ಲಿ ಕೂತಿದ್ದೋರ ಕಷ್ಟ ನನಗೆ ಅರ್ಥ ಆಗತ್ತೆ. ಆದ್ರೂ ಒಂದು ಮಾತು: ನಾವು ಪಿಜಿ ಅಂತ, ಒನ್ ಬಿಎಚ್‌ಕೆ ಅಂತ ಬಾಡಿಗೆಗೆ ಹೋಗೋ ಎಷ್ಟೋ ಕಟ್ಟಡಗಳು ಇದೇ ಅಳತೆಯ ಸೈಟಿನವು. ಕೊನೇ ತಪಾಸಣೆ ಅಲ್ಲಿ ತಪ್ಪಿದ್ರೆ, ಮಧ್ಯದ ತಪಾಸಣೆ ಅಷ್ಟು ಬಿಗಿ ಆಗ್ಬೇಕಿತ್ತು. ತೀರ್ಪಿನ ಕರೆಂಟ್ ಭಾಗದ ಬಗ್ಗೆ ಎಲ್ಲ ಮಾತಾಡಿದ್ರು, ಕಾಲಕಾಲದ ತಪಾಸಣೆ ಭಾಗದ ಬಗ್ಗೆ ಅಷ್ಟು ಸದ್ದು ಕೇಳಿಸಲಿಲ್ಲ.

ನೀವು ಏನು ಮಾಡಬಹುದು? ಫ್ಲ್ಯಾಟ್ ಕೊಳ್ಳೋದಾದ್ರೆ ಓಸಿ ಪ್ರತಿ ಕೇಳಿ, ಅದರಲ್ಲಿರೋ ಮಹಡಿ ಸಂಖ್ಯೆಯನ್ನ ಕೆಳಗೆ ನಿಂತು ಎಣಿಸಿ ನೋಡಿ. ಬಾಡಿಗೆಗಾದ್ರೆ ಓನರ್ ಅಂಕಲ್ ಹತ್ರ ಓಸಿ ಕೇಳಿದ್ರೆ ನಗ್ತಾರೆ, ನನಗೂ ನಕ್ಕಿದ್ರು. ಪರವಾಗಿಲ್ಲ, ಕಣ್ಣಿದೆಯಲ್ಲ. ಪಿಲ್ಲರಲ್ಲಿ ಉದ್ದುದ್ದ ಬಿರುಕಿದೆಯಾ, ಕಂಬಿ ತುಕ್ಕಿನ ಕಲೆ ಇದೆಯಾ, ಟೆರೇಸ್ ಬಾಗಿಲಿಗೆ ಬೀಗ ಹಾಕಿದ್ದಾರಾ, ಮೆಟ್ಟಿಲ ಮೇಲೆ ಗ್ಯಾಸ್ ಸಿಲಿಂಡರ್, ಗಾಡಿ ಇಟ್ಟಿದ್ದಾರಾ. 2010ರಲ್ಲಿ ಕಾರ್ಲ್‌ಟನ್ ಟವರ್ಸ್ ಬೆಂಕಿಯಲ್ಲಿ 9 ಜನ ಸತ್ತಾಗ ಹೊರಗೆ ಹೋಗೋ ದಾರಿಯೇ ದೊಡ್ಡ ಪ್ರಶ್ನೆ ಆಗಿತ್ತು. ಪಕ್ಕದಲ್ಲಿ ಪಾಯ ತೋಡ್ತಾ ಇದ್ರೆ, ಪ್ಲಾನಿನ ಬೋರ್ಡ್ ಇಲ್ಲದಿದ್ರೆ, 1533ಕ್ಕೆ ಫೋನ್ ಮಾಡಿ ದೂರಿನ ನಂಬರ್ ಬರ್ಕೊಳ್ಳಿ. ಮೌಲ್ಡ್ ಬೀಳೋ ಮುಂಚೆ ಮಾಡಿ. ಆಮೇಲೆ ಮಾಡಿದ್ರೆ ಏನಾಗತ್ತೆ ಅಂತ ಆಗಲೇ ಹೇಳಿದೆ.

ಹೋದ ತಿಂಗಳು ಆ ಹಳೇ ಪಿಜಿ ಬೀದಿಗೆ ಹೋಗಿದ್ದೆ. ಪಕ್ಕದ ಬಿಲ್ಡಿಂಗ್ ಮುಗಿದಿದೆ, ಬಣ್ಣ ಚೆನ್ನಾಗಿದೆ. ಗೇಟಿಗೆ ಅಂಟಿಸಿದ್ದ ನೋಟಿಸಿನ ಒಂದು ಮೂಲೆ ಇನ್ನೂ ಹಾಗೇ ಇತ್ತು. ಅದರ ಮೇಲೆ ‘ಟು ಲೆಟ್’ ಬೋರ್ಡ್ ಕಟ್ಟಿದ್ರು. ಮೇಲಿನ ಮಹಡಿ ಮನೆ, ಬ್ಯಾಚುಲರ್ಸ್‌ಗೆ ಕೊಡ್ತಾರಂತೆ.

ನಿಮ್ಮ ಬೀದಿಯ ಸೈಟಲ್ಲಿ ಪ್ಲಾನಿನ ಬೋರ್ಡ್ ಕಂಡ್ರೆ ಒಂದು ಫೋಟೋ ತೆಗೆದು ಕಳ್ಸಿ. ಎಷ್ಟು ಸಿಗತ್ತೆ ನೋಡೋಣ. ಮುಂದಿನ ವಾರ ಸಿಗ್ತೀನಿ.