ಧರ್ಮಗ್ರಂಥದ ಓದು ಮತ್ತು ಪಂಡಿತಾ ರಮಾಬಾಯಿ

ಕಲ್ಯಾಣದಲ್ಲಿ ಗಾಡಿ ಹತ್ತಿ ಸೊಲ್ಲಾಪುರ, ಕಲಬುರಗಿಗಳ ಕಡೆಗೆ ಹೊರಡುವ ನಮ್ಮ ವಾಚಕರು ಪುಣೆಯನ್ನು ದಾಟಿ ದೌಂಡ್ ಜಂಕ್ಷನ್ ತಲುಪುವ ಮೊದಲು ಕೇಡಗಾಂವ್ ಎಂಬ ಸಣ್ಣ ನಿಲ್ದಾಣವನ್ನು ಹಾದುಹೋಗುತ್ತಾರೆ. ಅಲ್ಲಿಯ ‘ಮುಕ್ತಿ’ ಸದನವನ್ನು ಕಟ್ಟಿದ ಮಹಿಳೆಯ ಮೂಲ ನಮ್ಮ ಕಾರ್ಕಳ ಸೀಮೆಯೆಂಬುದು ಬಹುಮಂದಿಗೆ ತಿಳಿದಿರಲಾರದು. ಧರ್ಮಗ್ರಂಥದ ಓದು ಕ್ರೈಸ್ತರೊಬ್ಬರ ಬಾಳನ್ನು ಎಷ್ಟು ಮಾರ್ಪಡಿಸಬಲ್ಲದೆಂಬುದಕ್ಕೆ ಪಂಡಿತಾ ರಮಾಬಾಯಿಯವರಿಗಿಂತ ಸಮೀಪದ ನಿದರ್ಶನ ನಮಗೆ ಕಾಣದು.

ರಮಾಬಾಯಿಯವರು 1858ರಲ್ಲಿ ಪಶ್ಚಿಮಘಟ್ಟದ ಗಂಗಾಮೂಲದ ಅರಣ್ಯದಲ್ಲಿ ಜನಿಸಿದರು. ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ಸ್ವಜನರ ವಿರೋಧವನ್ನು ಲೆಕ್ಕಿಸದೆ ಪತ್ನಿಗೆ ಸಂಸ್ಕೃತ ಕಲಿಸಿದರು. ಆ ತಾಯಿಯೇ ಮಗಳಿಗೆ ಗುರುವಾದರು. ಕ್ಷಾಮದಲ್ಲಿ ತಂದೆ, ತಾಯಿ, ಅಕ್ಕ ತೀರಿಕೊಂಡ ಬಳಿಕ ಅಣ್ಣನೊಡನೆ ಕಾಲ್ನಡಿಗೆಯಲ್ಲಿ ದೇಶ ಸುತ್ತಿ, 1878ರಲ್ಲಿ ಕಲ್ಕತ್ತೆಯ ವಿದ್ವಾಂಸರಿಂದ ‘ಪಂಡಿತಾ’, ‘ಸರಸ್ವತಿ’ ಎಂಬ ಬಿರುದುಗಳನ್ನು ಪಡೆದರು. ಆದುದರಿಂದ ಓದು ಅವರಿಗೆ ಹೊಸದಾಗಿರಲಿಲ್ಲ.

ವಿವಾಹಾನಂತರ ಅಸ್ಸಾಮಿನ ಸಿಲ್ಚಾರಿನಲ್ಲಿ ಬಂಗಾಳಿ ಭಾಷೆಯ ಲೂಕನ ಸುವಾರ್ತೆ ಅವರ ಕೈಸೇರಿತು. 1882ರಲ್ಲಿ ಪತಿ ನಿಧನರಾದರು. ಮರುವರ್ಷ ಪುಟ್ಟ ಮಗಳೊಡನೆ ಇಂಗ್ಲೆಂಡಿಗೆ ತೆರಳಿದರು. ಅಲ್ಲಿ ಸಮಾಜ ಹೊರದೂಡಿದ ಹೆಂಗಸರನ್ನು ಕ್ರೈಸ್ತ ಸಹೋದರಿಯರು ಪ್ರೀತಿಯಿಂದ ಪೋಷಿಸುವುದನ್ನು ಕಂಡು ಕಾರಣ ಕೇಳಿದಾಗ, ಸಹೋದರಿಯೊಬ್ಬರು ಸಮಾರ್ಯದ ಸ್ತ್ರೀಯೊಡನೆ ಯೇಸು ಬಾವಿಯ ಬಳಿ ಮಾತನಾಡಿದ ಕಥೆಯನ್ನು ಯೋಹಾನನ ಸುವಾರ್ತೆಯಿಂದ ಓದಿ ಹೇಳಿದರು. ಅದು ಅವರ ಮನಸ್ಸನ್ನು ನಾಟಿತು. 1883ರ ಸೆಪ್ಟೆಂಬರಿನಲ್ಲಿ ದೀಕ್ಷಾಸ್ನಾನ ನಡೆಯಿತು.

ಕಥೆ ಅಲ್ಲಿಗೆ ಮುಗಿಯಿತೆಂದು ಯಾರೂ ಭಾವಿಸಬಾರದು. ಸುಮಾರು ಎಂಟು ವರ್ಷಗಳ ತರುವಾಯ, ತಮಗೆ ಕ್ರೈಸ್ತಮತ ದೊರಕಿದೆಯೇ ಹೊರತು ಕ್ರಿಸ್ತನು ದೊರಕಿಲ್ಲವೆಂಬ ಅರಿವು ತಮಗಾಯಿತೆಂದು ಅವರೇ ಬರೆದಿದ್ದಾರೆ. ಹೆಸರಿನಿಂದ ಕ್ರೈಸ್ತರಾಗಿದ್ದವರು ಅನಂತರ ಗ್ರಂಥವನ್ನು ತಮ್ಮ ಬಾಳಿಗೇ ಬರೆದ ಪತ್ರವೆಂಬಂತೆ ಓದತೊಡಗಿದರು. ವಿಧವೆಯರಿಗಾಗಿ 1889ರಲ್ಲಿ ಮುಂಬಯಿಯಲ್ಲಿ ತೆರೆದು ಪುಣೆಗೆ ಸಾಗಿಸಿದ್ದ ಶಾರದಾ ಸದನದಲ್ಲಿ ಕ್ರೈಸ್ತ ಪ್ರಭಾವ ಬೆಳೆಯುತ್ತಿದೆಯೆಂಬ ಆಕ್ಷೇಪ 1893ರಲ್ಲಿ ಎದ್ದಿತು. ಸಲಹಾಮಂಡಳಿಯವರು ದೂರ ಸರಿದರು, ಅನೇಕ ಪೋಷಕರು ತಮ್ಮ ಹುಡುಗಿಯರನ್ನು ಬಿಡಿಸಿಕೊಂಡರು. ಆ ಆಕ್ಷೇಪವನ್ನು ಹಗುರವೆಂದು ನಾವು ತಳ್ಳಿಹಾಕುವುದಿಲ್ಲ. ಆದರೆ 1896-97ರ ಕ್ಷಾಮದಲ್ಲಿ ಮಧ್ಯಪ್ರಾಂತಗಳಿಂದ ಸುಮಾರು 300 ಹೆಂಗಸರನ್ನೂ ಮಕ್ಕಳನ್ನೂ ಕರೆತಂದು ಅನ್ನವಿತ್ತದ್ದು ಇದೇ ಕೈ. ಹಸಿವನ್ನು ಸ್ವತಃ ಉಂಡವರಿಗೆ ಹಸಿದವರ ಗುರುತು ಬೇಗ ಸಿಗುತ್ತದೆ.

ಅವರ ಕೊನೆಯ ಸಾಧನೆ ಇನ್ನೂ ದೊಡ್ಡದು. ಆಗಿನ ಮರಾಠಿ ಬೈಬಲ್ಲು ಹಳ್ಳಿಯ ಹೆಂಗಸರಿಗೆ ಕಠಿಣವೆಂದು ತೋರಿ, ಹೀಬ್ರೂ ಹಾಗೂ ಗ್ರೀಕ್ ಭಾಷೆಗಳನ್ನು ಕಲಿತು, ಇಡೀ ಗ್ರಂಥವನ್ನು ಸರಳ ಮರಾಠಿಗೆ ತಂದರು. ಸದನದ ಹೆಂಗಸರೇ ಮೊಳೆ ಜೋಡಿಸಿ ಅಚ್ಚು ಹಾಕಿದರು. 1921ರಲ್ಲಿ ಮಗಳು ಮನೋರಮಾ ತೀರಿಕೊಂಡರೂ ಕೆಲಸ ನಿಲ್ಲಲಿಲ್ಲ. 1922ರ ಏಪ್ರಿಲ್ 5ರಂದು ರಮಾಬಾಯಿಯವರೂ ನಿಧನರಾದರು. ಪೂರ್ಣ ಗ್ರಂಥ 1924ರಲ್ಲಿ ಹೊರಬಂದಿತು.

ಠಾಣೆ, ಡೊಂಬಿವಲಿಗಳ ಹೋಟೆಲುಗಳಲ್ಲಿ ದುಡಿಯುವ, ಕಚೇರಿಗಳಲ್ಲಿ ಲೆಕ್ಕ ಬರೆಯುವ ನಮ್ಮವರಲ್ಲಿ ಬೈಬಲ್ ಓದುವವರಿದ್ದಾರೆ, ಗೀತೆ ಓದುವವರಿದ್ದಾರೆ, ಕುರಾನ್ ಓದುವವರೂ ಇದ್ದಾರೆ. ಎಷ್ಟು ಅಧ್ಯಾಯ ಮುಗಿಯಿತೆಂಬ ಎಣಿಕೆ ಗಲ್ಲಾಪೆಟ್ಟಿಗೆಯ ಲೆಕ್ಕದಂತೆ ಸುಲಭ. ಆದರೆ ಓದಿದ ಮೇಲೆ ನಮ್ಮ ಪಂಕ್ತಿಯಲ್ಲಿ ಹೊಸದಾಗಿ ಯಾರಿಗೆ ಎಲೆ ಹಾಕಿದೆವು ಎಂಬುದೇ ನಿಜವಾದ ಲೆಕ್ಕವೆಂದು ನಾವು ನಂಬಿದ್ದೇವೆ.